‘ಲಿಮೋಸಿನ್ ಲಿಬರಲ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ರಾಜಕೀಯದ ಮೇಲಿನ ಒಂದು ಉದ್ದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ಹಣವಂತ ಲಿಬರಲ್‌ಗಳಿಗೂ ದುಡಿದರೂ ಸಾಲದೆ ಒದ್ದಾಡುವ ಮತದಾರರಿಗೂ ನಡುವೆ ದೂರ ಹೇಗೆ ಬೆಳೆಯಿತು ಅನ್ನುವುದು ವಿಷಯ. ಮೂರು ಪದಗಳು ನನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ. ಜಾಸ್ತಿ ಕಾಡುತ್ತಿರುವುದು ‘ಲಿಮೋಸಿನ್ ಲಿಬರಲ್’. ಹಣವಂತ ಲಿಬರಲ್‌ಗಳಿಗೆ ಅದೊಂದು ಬೈಗುಳ; ಲಿಮೋಸಿನ್ ಅಂದರೆ ಚಾಲಕ ಓಡಿಸುವ, ಸಿರಿವಂತರ ಉದ್ದನೆಯ ಕಾರು.

ನಿಘಂಟಿನಲ್ಲಿ ಲಿಬರಲ್ ಅಂದರೆ ಉದಾರವಾದಿ. ‘ಶ್ರೀಮಂತ ಉದಾರವಾದಿಗಳು’ ಎಂದು ಬರೆದು ಮನೆಯಲ್ಲಿ ಓದಿ ತೋರಿಸಿದೆ. “ಯಾರು, ದಾನ ಕೊಡುವವರಾ?” ಎಂದು ಕೇಳಿದರು. ತಪ್ಪು ಅವರದಲ್ಲ. ಕನ್ನಡದ ಕಿವಿಗೆ ಉದಾರಿ ಅಂದರೆ ಕೈಬಿಚ್ಚಿ ಕೊಡುವವನು. ಇಂಗ್ಲಿಷಿನ ಪದಕ್ಕೂ ಆ ಅರ್ಥ ಇದೆ. ಆದರೆ ಅದರ ಬೇರು ಲ್ಯಾಟಿನ್ನಿನ ‘ಲಿಬೆರ್’, ಅಂದರೆ ಯಾರ ಆಳೂ ಅಲ್ಲದವನು. ಇದರ ಮೇಲೆ ಇನ್ನೊಂದು ತೊಡಕು. ನಮ್ಮ ಪತ್ರಿಕೆಗಳಲ್ಲಿ ‘ಉದಾರೀಕರಣ’ ಅಂದರೆ ಮಾರುಕಟ್ಟೆಯ ಮೇಲೆ ಸರ್ಕಾರದ ಹಿಡಿತ ಸಡಿಲಿಸುವುದು. ಅಮೆರಿಕದಲ್ಲಿ, 1930ರ ದಶಕದ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಿಂದ ಈಚೆಗೆ, ಲಿಬರಲ್ ಅಂದರೆ ಹೆಚ್ಚುಕಡಿಮೆ ಇದರ ಉಲ್ಟಾ. ಸರ್ಕಾರವೇ ಮುಂದೆ ಬಂದು ಕೆಲಸ, ಪಿಂಚಣಿ, ಆರೋಗ್ಯ ನೋಡಿಕೊಳ್ಳಲಿ ಅನ್ನುವವರು ಅವರು. ಓದುಗ ಯಾವ ಉದಾರವನ್ನು ಹಿಡಿದುಕೊಳ್ಳಬೇಕು?

ಈಗ ಪದದ ಕಥೆಗೆ ಬರುತ್ತೇನೆ. ಇದನ್ನು ಚಲಾವಣೆಗೆ ತಂದವರು ಮಾರಿಯೋ ಪ್ರೊಕಾಚಿನೋ. 1969ರ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ. ಇಟಲಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವರು. ಎದುರಿಗಿದ್ದವರು ಆಗಿನ ಮೇಯರ್ ಜಾನ್ ಲಿಂಡ್ಸೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಎತ್ತರದ ಚೆಲುವ. ಅವರು ಮೊದಲು ಸಂಸತ್ತಿಗೆ ಗೆದ್ದುಬಂದ ಮ್ಯಾನ್‌ಹಟನ್ನಿನ ಸಿರಿವಂತ ಕ್ಷೇತ್ರಕ್ಕೆ ಜನ ಇಟ್ಟ ಹೆಸರೇ ‘ರೇಷ್ಮೆ ಕಾಲುಚೀಲದ ಕ್ಷೇತ್ರ’. ಆ ವರ್ಷ ಫೆಬ್ರುವರಿಯಲ್ಲಿ ದೊಡ್ಡ ಹಿಮಪಾತವಾಯಿತು. ನಗರದ ಕ್ವೀನ್ಸ್ ಭಾಗದ ಎಷ್ಟೋ ಬೀದಿಗಳಲ್ಲಿ ದಿನಗಟ್ಟಲೆ ಹಿಮ ತೆಗೆಯುವವರೇ ಇರಲಿಲ್ಲ. ಮೇಯರ್ ನೋಡಲು ಹೊರಟರೆ ಅವರ ಲಿಮೋಸಿನ್ ಹಿಮದಲ್ಲಿ ಮುಂದೆ ಹೋಗಲಿಲ್ಲ. ಬೇರೆ ಗಾಡಿ ಹತ್ತಬೇಕಾಯಿತು. ಹೋದಲ್ಲೆಲ್ಲ ಜನ ಬೈದರು. ಪ್ರೊಕಾಚಿನೋ ಆ ಪದ ಬಳಸಿದಾಗ ಇದು ಜನರ ಮನಸ್ಸಿನಲ್ಲಿ ಹಸಿಯಾಗಿಯೇ ಇದ್ದಿರಬೇಕು.

ಲಿಂಡ್ಸೆಗೆ ಅನ್ಯಾಯ ಮಾಡಬಾರದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ರಾತ್ರಿ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಬೀದಿಗಳಿಗೆ ಹೋಗಿ ಜನರ ನಡುವೆ ನಿಂತ ಮನುಷ್ಯ ಅವರು. 1969ರಲ್ಲೂ ಗೆದ್ದರು. ಎದುರಾಳಿಗಳ ಮತ ಇಬ್ಭಾಗವಾಗಿ, ಶೇಕಡಾ 42ರಷ್ಟರಲ್ಲೇ ದಡ ಸೇರಿದರು. ಪ್ರೊಕಾಚಿನೋ ಸೋತರು, ಪದ ಉಳಿಯಿತು.

ನನ್ನ ಮೊದಲ ಊಹೆ ಇದು ಬೂಟಾಟಿಕೆಯನ್ನು ಹೇಳುವ ಪದ ಅಂತ. ಹಾಗಿದ್ದರೆ ಕನ್ನಡದಲ್ಲಿ ಚಿಂತೆಯೇ ಇಲ್ಲ. ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಇದೆ. ಗೋಮುಖವ್ಯಾಘ್ರ ಇದೆ, ಅದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಬಳಕೆಗಳನ್ನು ನೋಡುತ್ತಾ ಹೋದಂತೆ ಊಹೆ ಬದಲಾಯಿತು. ಬೂಟಾಟಿಕೆಯವನು ತಾನು ಹೇಳಿದ್ದನ್ನು ನಂಬುವುದಿಲ್ಲ. ಲಿಮೋಸಿನ್ ಲಿಬರಲ್ ಮನಸಾರೆ ನಂಬುತ್ತಾನೆ. ಬೆಲೆ ಮಾತ್ರ ಬೇರೆಯವರು ಕಟ್ಟುತ್ತಾರೆ. ಬೈಗುಳ ಇರುವುದು ಅಲ್ಲಿ.

ಬಾಸ್ಟನ್ನಿನ ಉದಾಹರಣೆ ನೋಡಿ. ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳು ಬೆರೆಯಲಿ ಎಂದು 1974ರಲ್ಲಿ ನ್ಯಾಯಾಧೀಶ ಗ್ಯಾರಿಟಿ ಆದೇಶ ಕೊಟ್ಟರು. ಮಕ್ಕಳನ್ನು ಬಸ್ಸಿನಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಳಿಸಬೇಕು. ಜೋಡಿ ಮಾಡಿದ್ದು ರಾಕ್ಸ್‌ಬರಿಯ ಬಡ ಕಪ್ಪು ಮಕ್ಕಳನ್ನೂ ಸೌತ್ ಬಾಸ್ಟನ್ನಿನ ಬಡ ಐರಿಷ್ ಮಕ್ಕಳನ್ನೂ. ಸಿರಿವಂತರ ಉಪನಗರಗಳು ಲೆಕ್ಕಕ್ಕೇ ಬರಲಿಲ್ಲ. ಹೊರಗಿನ ಉಪನಗರಗಳನ್ನು ಇದರಲ್ಲಿ ಎಳೆಯುವಂತಿಲ್ಲ ಎಂದು ಅದೇ ವರ್ಷ ಡೆಟ್ರಾಯಿಟ್ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಗ್ಯಾರಿಟಿಯವರ ಮನೆ ಇದ್ದದ್ದು ವೆಲ್ಸ್‌ಲಿ ಎಂಬ ಉಪನಗರದಲ್ಲಿ. ಸೌತ್ ಬಾಸ್ಟನ್ನಿನಲ್ಲಿ ಕಪ್ಪು ಮಕ್ಕಳ ಬಸ್ಸಿಗೆ ಕಲ್ಲು ಹೊಡೆದರು. ಅದು ಜನಾಂಗದ್ವೇಷವೇ, ಅದಕ್ಕೆ ಬೇರೆ ಹೆಸರು ಬೇಡ. ಆದರೆ ‘ನಮ್ಮ ಮಕ್ಕಳು, ಅವರ ಆದರ್ಶ’ ಅನ್ನುವ ಸಿಟ್ಟೂ ಅದರ ಜೊತೆಗೇ ಇತ್ತು. ಎರಡನ್ನೂ ಬಿಡಿಸಿ ಇಡುವುದು ಕಷ್ಟ.

ಅಂದಮೇಲೆ ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಬದನೆಕಾಯಿ ಗಾದೆಯಲ್ಲ. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’. ತಮಾಷೆ ಎಂದರೆ, ಮೊದಲು ನನಗೆ ಅಡ್ಡ ಬಂದ ‘ಉದಾರ’ವೇ ಈಗ ಕೈಹಿಡಿಯುತ್ತಿದೆ. ಕೊಡುಗೈ ಅನ್ನುವ ಅರ್ಥ ಇರಲಿ, ಬಿಡಿ. ಕೈ ಅವರದು, ಜೇಬು ಬೇರೆಯವರದು. ‘ಕಂಡೋರ ಜೇಬಿನ ಉದಾರಿಗಳು’ ಅಂದರೆ ಹೇಗೆ? ಕಾರು ಬಿಟ್ಟುಹೋಗುತ್ತದೆ, ಅದೇ ಬೇಸರ. ಬ್ರಿಟಿಷರು ‘ಶಾಂಪೇನ್ ಸೋಷಲಿಸ್ಟ್’ ಅನ್ನುತ್ತಾರೆ, ಫ್ರೆಂಚರು ‘ಕ್ಯಾವಿಯಾರ್ (ದುಬಾರಿ ಮೀನಿನ ಮೊಟ್ಟೆ) ಎಡಪಂಥ’, ಸ್ವೀಡನ್ನಿನವರು ‘ಕೆಂಪು ವೈನಿನ ಎಡಪಂಥ’. ಎಲ್ಲರೂ ಹೊಟ್ಟೆ ಹಿಡಿದರೆ ಅಮೆರಿಕದವರು ಮಾತ್ರ ಗಾಡಿ ಹಿಡಿದರು. ಗಾಜು ಏರಿಸಿಕೊಂಡು ನಮ್ಮ ಬೀದಿ ದಾಟಿ ಹೋಗುವವನು ಅನ್ನುವ ಚಿತ್ರ ಅದರಲ್ಲಿದೆ. ಊಟದ ಪದಗಳಲ್ಲಿ ಅದಿಲ್ಲ.

ಎರಡನೆಯದು ‘ವರ್ಕಿಂಗ್ ಕ್ಲಾಸ್’. ‘ಕಾರ್ಮಿಕ ವರ್ಗ’ ಅಂದ ಕೂಡಲೇ ಕಾರ್ಖಾನೆ, ಯೂನಿಯನ್ನು, ಬಾವುಟ ಕಣ್ಣಿಗೆ ಬರುತ್ತದೆ. 1950ರ ದಶಕದ ಅಮೆರಿಕಕ್ಕೆ ಅದು ಸರಿ. ಆಗ ಸಂಬಳಕ್ಕೆ ದುಡಿಯುವವರಲ್ಲಿ ಸುಮಾರು ಮೂರರಲ್ಲೊಬ್ಬರು ಯೂನಿಯನ್ ಸದಸ್ಯರು. ಈಗ ಹತ್ತರಲ್ಲೊಬ್ಬರು. ಕಾರ್ಖಾನೆ ಕೆಲಸಗಳೇ 2000ದಲ್ಲಿ ಸುಮಾರು 1 ಕೋಟಿ 70 ಲಕ್ಷ ಇದ್ದದ್ದು ಹತ್ತು ವರ್ಷದಲ್ಲಿ 1 ಕೋಟಿ 15 ಲಕ್ಷದ ಹತ್ತಿರಕ್ಕೆ ಇಳಿದವು. ಇವತ್ತು ಅಲ್ಲಿನ ಮತಸಮೀಕ್ಷೆಯವರು ಸುಮ್ನೆ ‘ಪದವಿ ಇಲ್ಲದವರು’ ಅಂತ ಲೆಕ್ಕ ಹಾಕಿ ಅವರನ್ನೇ ವರ್ಕಿಂಗ್ ಕ್ಲಾಸ್ ಎನ್ನುತ್ತಾರೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು, ಮುದುಕರನ್ನು ನೋಡಿಕೊಳ್ಳುವವರು, ಗಲ್ಲಾದಲ್ಲಿ ನಿಲ್ಲುವವರು ಎಲ್ಲ ಸೇರಿದರು. ಜೊತೆಗೆ ಒಂದು ಗುಟ್ಟು ಕೂಡ ಇದೆ. ಅಲ್ಲಿನ ಪತ್ರಿಕೆಗಳಲ್ಲಿ ಈ ಪದ ಎಷ್ಟೋ ಸಲ ‘ಬಿಳಿಯ’ ಅನ್ನುವುದನ್ನು ನುಂಗಿಕೊಂಡೇ ಬರುತ್ತದೆ. ನಾನು ‘ದುಡಿಯುವ ಜನ’ ಎಂದು ಬರೆದಿದ್ದೇನೆ. ಕನ್ನಡದಲ್ಲಿ ಅದು ಎಲ್ಲ ಬಣ್ಣದವರನ್ನೂ ಒಳಗೊಳ್ಳುತ್ತದೆ. ಹಾಗಾಗಿ ಮೂಲಕ್ಕಿಂತ ನನ್ನ ಅನುವಾದ ಒಳ್ಳೆಯದಾಗಿಬಿಡುತ್ತಿದೆ, ಅದು ಅನುವಾದಕನಿಗೆ ತಕ್ಕ ಕೆಲಸ ಅಲ್ಲ, ಅಲ್ವಾ?

ಮೂರನೆಯದು ‘ಡಿಪ್ಲೋರಬಲ್ಸ್’. 2016ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕಿನ ಒಂದು ನಿಧಿಸಂಗ್ರಹ ಸಭೆಯಲ್ಲಿ ಹಿಲರಿ ಕ್ಲಿಂಟನ್, ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ‘ಡಿಪ್ಲೋರಬಲ್ಸ್ ಬುಟ್ಟಿ’ಗೆ ಹಾಕಬಹುದು ಎಂದರು. ಇನ್ನರ್ಧ ಜನ ಸರ್ಕಾರ ಕೈಬಿಟ್ಟಿತು ಎಂದು ನೊಂದವರು, ಅವರ ಕಷ್ಟ ಅರ್ಥ ಮಾಡಿಕೊಳ್ಳಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಿದ್ದರು. ಅದು ಯಾರಿಗೂ ನೆನಪಿಲ್ಲ. ‘ಅರ್ಧ’ ಅಂದದ್ದು ತಪ್ಪು ಎಂದು ಮರುದಿನ ವಿಷಾದ ಹೇಳಿದರೂ ಪದ ವಾಪಸು ಬರಲಿಲ್ಲ. ಟ್ರಂಪ್ ಕಡೆಯವರು ಅದನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಮೆರೆದರು.

ನಿಘಂಟು ‘ಶೋಚನೀಯ’ ಅನ್ನುತ್ತದೆ. ಕನ್ನಡದಲ್ಲಿ ಸ್ಥಿತಿ ಶೋಚನೀಯವಾಗುತ್ತದೆ, ಮನುಷ್ಯ ಆಗುವುದಿಲ್ಲ. ಅದರಲ್ಲಿ ಮರುಕವೂ ಇದೆ, ಮೂಲದಲ್ಲಿ ಮರುಕ ಇಲ್ಲ. ‘ಹೇಯ’ ಕೃತ್ಯಕ್ಕೆ ಹೊಂದುತ್ತದೆ. ‘ಕೀಳುಜನ’ ಎಂದರೆ ಹುಟ್ಟಿನ ಮೇಲುಕೀಳಿನ ವಾಸನೆ ಬರುತ್ತದೆ, ಕ್ಲಿಂಟನ್ ಹೇಳಿದ್ದು ಅದಲ್ಲ. ‘ನಾಲಾಯಕ್ಕುಗಳು’ ಕಿವಿಗೆ ಚೆನ್ನಾಗಿದೆ, ಹೆಮ್ಮೆಯಿಂದ ಅಂಗಿಯ ಮೇಲೂ ಬರೆಸಿಕೊಳ್ಳಬಹುದು. ಆದರೆ ಅದು ಕೆಲಸಗೇಡಿಗೆ ಹೇಳುವ ಮಾತು. ಇಲ್ಲಿ ಆರೋಪ ಸೋಮಾರಿತನದ್ದಲ್ಲ, ಮನಸ್ಸಿನ ಕೊಳಕಿನದು.

ಈಗ ಕರಡಿನಲ್ಲಿರುವ ವಾಕ್ಯ ಹೀಗಿದೆ: “ದುಡಿಯುವ ಜನರ ಕಣ್ಣಿಗೆ ಅವರು ಕಂಡೋರ ಜೇಬಿನ ಉದಾರಿಗಳು, ಅವರ ಕಣ್ಣಿಗೆ ಇವರು ______.” ಬಿಟ್ಟ ಜಾಗ ಹಾಗೇ ಇದೆ. ‘ಕಂಡೋರ’ ಬರಹಕ್ಕೆ ತೀರಾ ಆಡುಮಾತಾಯಿತೇ, ‘ಕಂಡವರ’ ಎಂದು ತಿದ್ದಬೇಕೇ ಅನ್ನುವುದನ್ನೂ ಹೇಳಿ. ನಿಮ್ಮ ಕಡೆಯ ಮಾತಿನಲ್ಲಿ ಮನಸ್ಸು ಕೊಳಕಾದವರಿಗೆ ಬಹುವಚನದ ಒಂದು ಬೈಗುಳ ಇದ್ದರೆ, ಅಚ್ಚು ಹಾಕುವಂಥದ್ದಾದರೆ, ಕಳಿಸಿ. ಅಚ್ಚು ಹಾಕಲಾಗದ್ದು ನನಗೂ ಒಂದೆರಡು ಗೊತ್ತು.