ಪುನರ್ಪುಳಿ (ಕೋಕಂ) ಪಾಕದಲ್ಲಿ ಪಿಯರ್ ಹಣ್ಣು ಬೇಯುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ

ಕದ್ರಿಯಿಂದ:
ಶನಿವಾರ ರಾತ್ರಿ ಎಂಟು ಮಂದಿ ಊಟಕ್ಕೆ ಬರುತ್ತಾರೆ. ಯುರೋಪಿನವರು ಕೆಂಪು ವೈನಿನಲ್ಲಿ ಪಿಯರ್ ಬೇಯಿಸುತ್ತಾರಲ್ಲ, ಅದನ್ನೇ ಪುನರ್ಪುಳಿಯಲ್ಲಿ ಮಾಡಿ ಬಡಿಸಬೇಕೆಂಬ ಆಸೆ. ನಿನ್ನೆ ಎರಡು ಹಣ್ಣಿನಲ್ಲಿ ಮಾಡಿ ನೋಡಿದೆ. ಒಂದು ಲೀಟರ್ ನೀರು, ಒಂದು ಕಿಲೋ ಸಕ್ಕರೆ, ಒಂದು ಹಿಡಿ ಒಣ ಸಿಪ್ಪೆ, ಎಲ್ಲವನ್ನೂ ಒಟ್ಟಿಗೇ ಹಾಕಿ ಮುಕ್ಕಾಲು ಗಂಟೆ ಕುದಿಸಿದೆ. ಬಣ್ಣವೇನೋ ಬಂತು. ಆದರೆ ಹಣ್ಣು ಸುಕ್ಕುಗಟ್ಟಿತು, ನಡುಭಾಗ ಹಸಿ ಗೆಣಸಿನಷ್ಟು ಗಟ್ಟಿ. ಪಾಕ ಉಪ್ಪುಪ್ಪಾಗಿದೆ.

ಮಣಿಪಾಲದಿಂದ:
ಅಕ್ಕ, ಪುನರ್ಪುಳಿಯನ್ನು ಮೊದಲೇ ಹಾಕಿದ್ದೇ ತೊಂದರೆ. ಹಣ್ಣಿನ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಸಡಿಲವಾಗುವುದಿಲ್ಲ. ತರಕಾರಿ ಬೆಂದ ಮೇಲೆ ತಾನೇ ನಾವು ಸಾಂಬಾರಿಗೆ ಹುಣಸೆಹುಳಿ ಬಿಡುವುದು? ಸುಕ್ಕಿಗೆ ಕಾರಣ ಸಕ್ಕರೆ. ಅಷ್ಟು ಗಟ್ಟಿ ಪಾಕ ಹಣ್ಣಿನ ನೀರನ್ನೆಲ್ಲ ಹೊರಗೆಳೆಯುತ್ತದೆ.

ಲೀಟರಿಗೆ 250 ಗ್ರಾಂ ಸಕ್ಕರೆ ಸಾಕು. ಸ್ಟೀಲ್ ಪಾತ್ರೆಯೇ ಇರಲಿ, ಹುಳಿಗೆ ಅಲ್ಯೂಮಿನಿಯಂ ಆಗದು. ಪಿಯರ್‌ನ ಸಿಪ್ಪೆ ತೆಗೆಯಿರಿ, ತೊಟ್ಟು ಹಾಗೆಯೇ ಬಿಡಿ. ಹಣ್ಣು ತೇಲುತ್ತದೆ, ನೀರಿನಿಂದ ಹೊರಗುಳಿದ ಭಾಗ ಕಪ್ಪಾಗುತ್ತದೆ. ಬೆಣ್ಣೆ ಕಾಗದವನ್ನು ಪಾತ್ರೆಯ ಅಳತೆಗೆ ದುಂಡಗೆ ಕತ್ತರಿಸಿ ಅದರ ಮೇಲೆ ಹೊದಿಸಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿ. 20 ನಿಮಿಷವಾದ ಮೇಲೆ ಚಾಕುವಿನ ತುದಿ ಚುಚ್ಚಿ ನೋಡುತ್ತಿರಿ, ತಡೆಯಿಲ್ಲದೆ ನಡುವಿಗೆ ಇಳಿದರೆ ಒಲೆ ಆರಿಸಿ.

ಪುನರ್ಪುಳಿ ಆಮೇಲೆ. ನಿಮಗೆ ಸಿಕ್ಕಿದ್ದು ಉಪ್ಪು ಸವರಿ ಒಣಗಿಸಿದ ಸಿಪ್ಪೆ ಇರಬೇಕು. ಎರಡು ಸಲ ತೊಳೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸೋಸಿ ಪಾಕಕ್ಕೆ ಬೆರೆಸಿ. ಆರಿದ ಮೇಲೆ ಹಣ್ಣು ಪೂರ್ತಿ ಮುಳುಗಿರುವಂತೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬಣ್ಣ ಕೂರುವುದು ಆಗಲೇ.

ಕದ್ರಿಯಿಂದ:
ಹೊಸದಾಗಿ ತಂದ ಹಣ್ಣೂ ಕಲ್ಲಿನಂತಿದೆ. ಬದಲಾಯಿಸಲೇ?

ಮಣಿಪಾಲದಿಂದ:
ಬೇಡ. ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಹೊರಗಿಡಿ. ದಿನವೂ ತೊಟ್ಟಿನ ಬುಡವನ್ನು ಒತ್ತಿ ನೋಡಿ, ಅಲ್ಲಿ ತುಸು ಮಣಿದರೆ ಸಾಕು. ಪಿಯರ್ ಒಳಗಿನಿಂದ ಹೊರಕ್ಕೆ ಹಣ್ಣಾಗುತ್ತದೆ. ಹೊಟ್ಟೆ ಮೆತ್ತಗಾಗುವವರೆಗೆ ಕಾದರೆ ಬೇಯಿಸುವಾಗ ಕರಗಿಹೋಗುತ್ತದೆ.

ಕದ್ರಿಯಿಂದ, ಭಾನುವಾರ:
ನೀವು ಹೇಳಿದಂತೆಯೇ ಮಾಡಿದೆ. ಉಳಿದ ಪಾಕವನ್ನು ಎಳೆ ಬರುವ ಮುನ್ನ ಇಳಿಸಿ ಮೇಲೆ ಸುರಿದೆ. ಹೊರಗೆ ದಾಳಿಂಬೆಯ ಕೆಂಪು, ಕತ್ತರಿಸಿದರೆ ಒಳಗೆ ಬಿಳಿ. ಅತ್ತೆ ಎರಡನೇ ಹಣ್ಣು ಕೇಳಿ ಹಾಕಿಸಿಕೊಂಡರು.