ರಬ್ಬಿ ಲಿಯೋ ಬೆಕ್ ಗೊತ್ತಿದ್ದೂ ಯಾಕೆ ಸುಮ್ನಿದ್ರು?

ಪ್ರಶ್ನೆ:
ಬರ್ಲಿನ್‌ನ ರಬ್ಬಿ (ಯೆಹೂದಿ ಧರ್ಮಗುರು) ಲಿಯೋ ಬೆಕ್ ಬಗ್ಗೆ ಒಂದು ವಾರದಿಂದ ಓದ್ತಾ ಇದೀನಿ. 1933ರಲ್ಲಿ ಹಿಟ್ಲರ್ ಬಂದ್ಮೇಲೆ ಜರ್ಮನಿಯ ಯೆಹೂದಿಗಳು ಸೇರಿ ಕಟ್ಟಿದ ಒಕ್ಕೂಟಕ್ಕೆ ಇವರೇ ಅಧ್ಯಕ್ಷರು, ದೇಶ ಬಿಟ್ಟು ಹೋಗೋಕೆ ಎಷ್ಟೋ ಸಲ ಕರೆ ಬಂದ್ರೂ ಜನರನ್ನ ಬಿಟ್ಟು ಹೋಗಲ್ಲ ಅಂತ ಅಲ್ಲೇ ಉಳ್ಕೊಂಡ್ರು. 1943ರ ಜನವರಿಯಲ್ಲಿ ಥೆರೇಸಿಯನ್‌ಸ್ಟಾಟ್ ಅನ್ನೋ ನಾಜಿಗಳ ಸೆರೆ ಕ್ಯಾಂಪಿಗೆ ಹಾಕಿದ್ರು. ಅದೇ ಆಗಸ್ಟ್‌ನಲ್ಲಿ, ಅಲ್ಲಿಂದ ಟ್ರೈನಲ್ಲಿ ಆಶ್ವಿಟ್ಜ್ ಅನ್ನೋ ಇನ್ನೊಂದು ನಾಜಿ ಕ್ಯಾಂಪಿಗೆ ಕಳಿಸಿದವರನ್ನ ಗ್ಯಾಸ್ ಬಿಟ್ಟು ಸಾಯಿಸ್ತಾರೆ ಅಂತ ಇವರಿಗೆ ಗೊತ್ತಾಯ್ತಂತೆ, ಆದ್ರೂ ಜೊತೇಲಿದ್ದವರಿಗೆ ಹೇಳ್ಲಿಲ್ಲ. ಇದು ನಂಗೆ ಅರಗ್ತಾ ಇಲ್ಲ, ಯಾರಾದ್ರೂ ಬಿಡಿಸಿ ಹೇಳಿ.

ಉತ್ತರ 1:
ಯುದ್ಧ ಮುಗಿದ್ಮೇಲೆ ಅವರೇ ಕಾರಣ ಹೇಳಿದಾರೆ. ಗ್ಯಾಸಲ್ಲಿ ಸಾಯ್ತೀವಿ ಅಂತ ಕಾಯ್ತಾ ಬದುಕೋದು ಇನ್ನೂ ಕಷ್ಟ, ಅದೂ ಅಲ್ದೆ ಎಲ್ರಿಗೂ ಆ ಸಾವು ಖಚಿತ ಅಲ್ಲ, ಕೆಲವರನ್ನ ದುಡಿಸ್ಕೊಳ್ಳೋಕೆ ಉಳಿಸ್ಕೋತಾರೆ ಅಂತ. ಓಡಿಹೋಗೋಕೆ ದಾರಿ ಇಲ್ಲದ ಮುದುಕರಿಗೆ ಹೋಗಿ ಏನಂತ ಹೇಳ್ಬೇಕಿತ್ತು ಸರ್?

ಉತ್ತರ 2:
ನಾನು ಒಪ್ಪಲ್ಲ. ಯೆಹೂದಿ ಚಿಂತಕಿ ಹನ್ನಾ ಅರೆಂಟ್ ಕೂಡ ಇದನ್ನೇ ಎತ್ತಿ ಕೇಳಿದ್ರು. ಸಾಯೋದು ಅವರು, ಗೊತ್ತಿರ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಹಕ್ಕೂ ಅವರದ್ದೇ. ಗೊತ್ತಿದ್ದಿದ್ರೆ ಟ್ರೈನ್ ಹತ್ತೋ ಬದ್ಲು ಒಬ್ಬಿಬ್ಬರಾದ್ರೂ ಎಲ್ಲೋ ಅಡಗ್ತಿದ್ರೇನೋ, ಮಕ್ಕಳನ್ನ ಬಚ್ಚಿಡ್ತಿದ್ರೇನೋ. ಎಷ್ಟು ದೊಡ್ಡ ಮನುಷ್ಯರಾದ್ರೂ ಇಲ್ಲಿ ತಪ್ಪಿದ್ರು ಅಂತಾನೇ ನಂಗನ್ಸೋದು.

ಉತ್ತರ 3:
ಇಬ್ರೂ ಹೇಳೋದ್ರಲ್ಲಿ ನಿಜ ಇದೆ, ಆದ್ರೆ ಆ ಒಂದು ಮೌನದಿಂದ್ಲೇ ಮನುಷ್ಯನ್ನ ಅಳೀಬೇಡಿ. ಹಿಡ್ಕೊಂಡು ಹೋಗೋಕೆ ಬೆಳಗಿನ ಜಾವ ಪೊಲೀಸರು ಮನೆ ಬಾಗಿಲಿಗೆ ಬಂದಾಗ ಸ್ವಲ್ಪ ಟೈಮ್ ಕೇಳಿ, ಕೂತು ಕಾಗದ ಬರೆದು, ಗ್ಯಾಸ್ ಬಿಲ್ಲು ಕರೆಂಟ್ ಬಿಲ್ಲು ಎರಡಕ್ಕೂ ಮನಿಯಾರ್ಡರ್ ಬರೆದಿಟ್ಟು ಹೊರಟೋರು ಅವರು! ಕ್ಯಾಂಪಲ್ಲಿ ಎಪ್ಪತ್ತರ ಹತ್ರದ ವಯಸ್ಸಲ್ಲಿ ಕಸದ ಗಾಡಿ ಎಳೆದ್ರು, ರಾತ್ರಿ ಬ್ಯಾರಕ್ ಒಳಗೆ ಕತ್ತಲಲ್ಲಿ ಜನ ಒತ್ತೊತ್ತಾಗಿ ನಿಂತಿರೋವಾಗ ಪ್ಲೇಟೋ, ಕಾಂಟ್ ಅನ್ನೋ ತತ್ವಜ್ಞಾನಿಗಳ ಬಗ್ಗೆ ಪಾಠ ಹೇಳಿದ್ರು. ಸಾವಿನ ಸುದ್ದಿ ಎದೇಲಿ ಇಟ್ಕೊಂಡೇ ಆ ಪಾಠ ಹೇಳ್ತಿದ್ರು ಅನ್ನೋದು ನೆನೆಸ್ಕೊಂಡ್ರೆ ನಂಗೆ ಗಂಟಲು ಕಟ್ಟುತ್ತೆ.

ಪ್ರಶ್ನೆ ಕೇಳಿದವರು:
ಮನಿಯಾರ್ಡರ್ ವಿಷಯ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಬದುಕಿ ಹೊರಗೆ ಬಂದ್ಮೇಲೆ ಏನ್ಮಾಡಿದ್ರು?

ಉತ್ತರ 3:
ಲಂಡನ್‌ನಲ್ಲಿ ಮಗಳ ಹತ್ರ ಹೋದ್ರು, ಅಮೆರಿಕದ ಸಿನ್ಸಿನಾಟಿಗೆ ಹೋಗಿ ಪಾಠಾನೂ ಮಾಡ್ತಿದ್ರು. ಕ್ಯಾಂಪಲ್ಲಿ ಸಿಕ್ಕ ಚೂರುಪಾರು ಕಾಗದದ ಮೇಲೆ ಶುರು ಮಾಡಿದ್ದ ಬರವಣಿಗೆ ಮುಂದೆ ಅವರ ಕೊನೇ ದೊಡ್ಡ ಪುಸ್ತಕ ಆಯ್ತು. ತೀರ್ಕೊಂಡಿದ್ದು 1956ರ ನವೆಂಬರ್‌ನಲ್ಲಿ, ಲಂಡನ್‌ನಲ್ಲೇ.