ಕ್ರಿಶ್ಚಿಯನ್ ಬ್ಯಾಲೆ ತಂಡಕ್ಕೆ ಆಡಿಷನ್ ಕೊಡಬೇಕು, ಬೀದರ್‌ನಲ್ಲಿದ್ದು ತಯಾರಿ ಹೇಗೆ?

ಮಂಗಲಪೇಟೆ ಹುಡುಗಿ, ಬೀದರ್

ಎಲ್ಲರಿಗೂ ವಂದನೆಗಳು. ನನಗೆ 21 ವರ್ಷ, ಬಿ.ಕಾಂ ಮುಗಿದಿದೆ. ಒಂಬತ್ತನೇ ವಯಸ್ಸಿನಿಂದ ಏಳು ವರ್ಷ ಭರತನಾಟ್ಯ ಕಲಿತೆ. ಈಗ ಮೂರು ವರ್ಷದಿಂದ ಹೈದರಾಬಾದಿಗೆ ಹೋಗಿ ಬ್ಯಾಲೆ ಕಲಿಯುತ್ತಿದ್ದೇನೆ. ಶನಿವಾರ ಬೆಳಗಿನ ರೈಲಿಗೆ ಹೋಗಿ, ಎರಡು ಕ್ಲಾಸ್ ಮುಗಿಸಿ, ರಾತ್ರಿ ವಾಪಸ್ ಬರುತ್ತೇನೆ. ಭಾನುವಾರದ ಆರಾಧನೆ ತಪ್ಪಿಸಬಾರದು ಅನ್ನೋದು ಅಪ್ಪನ ಷರತ್ತು. ಕಾಲ್ಬೆರಳ ತುದಿ ಮೇಲೆ ನಿಲ್ಲಲು ಹಾಕುವ ಪಾಯಿಂಟ್ ಶೂ ಶುರು ಮಾಡಿ ಹನ್ನೊಂದು ತಿಂಗಳಾಯಿತು.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನಲ್ಲಿ ಬ್ಯಾಲೆ ಮ್ಯಾಗ್ನಿಫಿಕಾಟ್ ಅಂತ ಕ್ರಿಶ್ಚಿಯನ್ ಬ್ಯಾಲೆ ತಂಡ ಇದೆ. ಕ್ಯಾಥಿ ಥಿಬೋಡೊ ಅನ್ನುವವರು 1986ರಲ್ಲಿ ಶುರು ಮಾಡಿದ್ದು. ಅದಕ್ಕೂ ಮೊದಲು, 1982ರಲ್ಲಿ, ಅದೇ ಊರಲ್ಲಿ ನಡೆದ ಅಂತರರಾಷ್ಟ್ರೀಯ ಬ್ಯಾಲೆ ಸ್ಪರ್ಧೆಯಲ್ಲಿ ಅವರಿಗೆ ಬೆಳ್ಳಿ ಪದಕ ಬಂದಿತ್ತು. ಅಷ್ಟು ದೊಡ್ಡ ಕಲಾವಿದೆ ತನ್ನ ಕಲೆಯನ್ನು ಸೇವೆಗೆ ಕೊಟ್ಟರಲ್ಲ, ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಂಥ ಒಂದು ತಂಡದ ತರಬೇತಿಗೆ ವಿಡಿಯೊ ಆಡಿಷನ್ ಕಳಿಸಬೇಕು ಅಂತಿದ್ದೇನೆ.

ಕಷ್ಟ ಏನೆಂದರೆ, ಮನೆಯಲ್ಲಿ ಶಹಾಬಾದ್ ಫರಸಿ ನೆಲ. ಜಂಪ್ ಮಾಡಿದರೆ ಮೊಣಕಾಲ ಕೆಳಗೆ ನೋವು. ಲಿಯೊಟಾರ್ಡ್ (ಮೈಗೆ ಅಂಟಿಕೊಳ್ಳುವ ಬ್ಯಾಲೆ ಉಡುಪು) ಹಾಕಿ ವಿಡಿಯೊ ಮಾಡಬೇಕು ಅಂದರೆ ಅಮ್ಮ ಒಪ್ಪುತ್ತಿಲ್ಲ. ಪಾಸ್ಟರ್ ಹತ್ತಿರ ಶಿಫಾರಸು ಪತ್ರ ಬೇಕು, ಆದರೆ ಹೋದ ಕ್ರಿಸ್ಮಸ್‌ನಲ್ಲಿ ನಾನು ಕುಣಿದ ಮೇಲೆ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು "ದೇವರ ಮನೆಯಲ್ಲಿ ಇದು ಬೇಕಾ?" ಅಂತ ಕೇಳಿದ್ದರು. ಎಲ್ಲಕ್ಕಿಂತ ಜಾಸ್ತಿ ಭಯ ಒಂದಿದೆ. ಆಯ್ಕೆ ಆಗದಿದ್ದರೆ ಇದು ದೇವರ ಚಿತ್ತ ಅಲ್ಲ ಅಂತ ತಿಳಿಯಬೇಕಾ?

ಯಾರಾದರೂ ಈ ದಾರಿಯಲ್ಲಿ ಹೋಗಿ ಬಂದಿದ್ದರೆ ದಯವಿಟ್ಟು ಹೇಳಿ.

ಯಾದಗಿರಿ ಅಕ್ಕ

ತಂಗಿ, ನಿನ್ನ ಕೊನೆಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹತ್ತು ವರ್ಷದ ಹಿಂದೆ ಅದೇ ಪ್ರಶ್ನೆ ನನ್ನನ್ನು ತಿಂದಿತ್ತು. ನಾನು ಯಾದಗಿರಿಯವಳು, ಈಗ ಕಲಬುರಗಿಯಲ್ಲಿ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುತ್ತೇನೆ. ಅಮೆರಿಕದ ಒಂದು ಕ್ರಿಶ್ಚಿಯನ್ ಬ್ಯಾಲೆ ತಂಡದಲ್ಲಿ ಒಂದು ವರ್ಷ ತರಬೇತಿ ಪಡೆದೆ. ಆದರೆ ಮೊದಲ ಸಲ ನನ್ನನ್ನು ತೆಗೆದುಕೊಳ್ಳಲಿಲ್ಲ.

ಆ ಮೊದಲ ವಿಡಿಯೊ ನಮ್ಮ ಮನೆಯ ಮಾಳಿಗೆ ಮೇಲೆ ಮಧ್ಯಾಹ್ನ ಮಾಡಿದ್ದು. ತಮ್ಮ ಮೊಬೈಲ್ ನೆಟ್ಟಗೆ ಹಿಡಿದಿದ್ದ, ಅರ್ಧ ಹೊತ್ತು ಪಾದವೇ ಕಾಣುತ್ತಿರಲಿಲ್ಲ. ಮೈಮೇಲೆ ಚೂಡಿದಾರ್. ಉತ್ತರ ಬಂತು. ಮೊದಲ ಸಾಲು ಓದಿದೆ, "ಈ ವರ್ಷ ಅವಕಾಶ ಕೊಡಲಾಗುತ್ತಿಲ್ಲ" ಅಂತಿತ್ತು. ಫೋನ್ ಮುಚ್ಚಿಟ್ಟೆ. ಸಭೆಯಲ್ಲಿ ಒಬ್ಬ ದೊಡ್ಡಮ್ಮ "ದೇವರ ಚಿತ್ತ ಇರಲಿಲ್ಲ ಬಿಡವ್ವ" ಅಂದರು. ಪ್ರೀತಿಯಿಂದಲೇ ಅಂದರು. ನಾಲ್ಕು ತಿಂಗಳು ಶೂ ಮುಟ್ಟಲಿಲ್ಲ.

ಆಮೇಲೆ ಒಂದು ದಿನ ಹಳೆಯ ಮೇಲ್ ಹುಡುಕುವಾಗ ಆ ಪತ್ರ ಪೂರ್ತಿ ಓದಿದೆ. ಕೆಳಗೆ ಇನ್ನೂ ಐದಾರು ಸಾಲು ಇದ್ದವು. ಮೊಣಕಾಲು, ಸೊಂಟ ಕಾಣುತ್ತಿಲ್ಲ, ಟರ್ನ್‌ಔಟ್ (ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು) ಎಲ್ಲಿಂದ ಬರುತ್ತಿದೆ ಅಂತ ನೋಡಲಾಗುತ್ತಿಲ್ಲ. ಪಾದದ ಬಲ ಇನ್ನೂ ಬೇಕು. ನಿಮ್ಮ ವಿಶ್ವಾಸದ ಸಾಕ್ಷಿ ನಮ್ಮನ್ನು ಮುಟ್ಟಿತು, ಮತ್ತೆ ಕಳಿಸಿ. ಅಷ್ಟೂ ಬರೆದಿದ್ದರು. ಅವರು ನನ್ನ ವಿಶ್ವಾಸವನ್ನು ತೂಗಿರಲಿಲ್ಲ, ಪಾದ ನೋಡಿದ್ದರು. ನಾನು ಮಾತ್ರ ಎರಡನ್ನೂ ಒಂದೇ ಮಾಡಿಕೊಂಡು ನಾಲ್ಕು ತಿಂಗಳು ಅತ್ತಿದ್ದೆ. ಮುಂದಿನ ವರ್ಷ ಮತ್ತೆ ಕಳಿಸಿದೆ, ಆಯ್ಕೆ ಆಯಿತು.

ಹಾಗಾಗಿ ವಿಡಿಯೊವನ್ನು ಸರಿಯಾಗಿ ಮಾಡು. ಫೋನ್ ಅಡ್ಡ ಇಡು, ಸೊಂಟದ ಎತ್ತರಕ್ಕೆ. ತಲೆಯಿಂದ ಕಾಲ್ಬೆರಳವರೆಗೆ ಯಾವಾಗಲೂ ಕಾಣಬೇಕು, ಕೈ ಮೇಲೆತ್ತಿದಾಗಲೂ. ಬಾರ್‌ನಲ್ಲಿ ಅಂದರೆ ಕೈ ಇಟ್ಟು ನಿಲ್ಲುವ ಅಡ್ಡ ಕಂಬಿಯಲ್ಲಿ, ಪ್ಲಿಯೆ (ಮೊಣಕಾಲು ಬಗ್ಗಿಸುವುದು), ತಾಂಡ್ಯು (ಪಾದ ನೆಲಕ್ಕೆ ತಾಗಿಸಿ ಚಾಚುವುದು), ರೋಂಡ್ ದ ಜಾಂಬ್ (ಕಾಲಿನಿಂದ ಅರ್ಧ ವೃತ್ತ), ಗ್ರಾಂ ಬಾತ್ಮಾಂ (ಕಾಲು ಎತ್ತರಕ್ಕೆ ಬೀಸುವುದು) ಸಾಕು. ಆಮೇಲೆ ಸೆಂಟರ್‌ನಲ್ಲಿ (ಕಂಬಿ ಇಲ್ಲದೆ) ಅಡಾಜಿಯೊ ಅಂದರೆ ನಿಧಾನದ ಚಲನೆ, ಎರಡೂ ಕಡೆ ಪಿರುಎಟ್ ಅಂದರೆ ಒಂಟಿಕಾಲ ಸುತ್ತು, ಸಣ್ಣ ಜಂಪ್, ದೊಡ್ಡ ಜಂಪ್. ಪಾಯಿಂಟ್‌ನಲ್ಲಿ ನಿನಗೆ ಗಟ್ಟಿಯಾಗಿ ಬರುವುದನ್ನಷ್ಟೇ ತೋರಿಸು. ಹನ್ನೊಂದು ತಿಂಗಳಿಗೆ ನೇರವಾಗಿ ಏರಿ ಇಳಿದರೆ ಅದೇ ದೊಡ್ಡದು. ಮೊಣಕಾಲು ಬಗ್ಗಿಸಿಕೊಂಡು ಮೂರು ಸುತ್ತು ತಿರುಗಿದರೆ ನೋಡುವವರಿಗೆ ಗಾಬರಿಯಾಗುತ್ತದೆ, ಅಷ್ಟೆ.

ನೆಲದ ವಿಷಯ. ಫರಸಿ ಮೇಲೆ ಜಂಪ್ ಇವತ್ತೇ ನಿಲ್ಲಿಸು. ಕಲ್ಲು ಏನೂ ಹೀರಿಕೊಳ್ಳುವುದಿಲ್ಲ, ಹೊಡೆತವೆಲ್ಲ ನಿನ್ನ ಎಲುಬಿಗೇ ವಾಪಸ್. ನಾನು ಎಂಟು ಬೈ ನಾಲ್ಕು ಅಡಿಯ ಎರಡು ಪ್ಲೈವುಡ್ ಹಾಳೆ ತಂದೆ. ಅದರ ಕೆಳಗೆ ಒತ್ತೊತ್ತಾಗಿ ರಬ್ಬರ್ ತುಂಡು ಅಂಟಿಸಿದೆ, ಮೇಲೆ ದಪ್ಪ ವಿನೈಲ್ ಶೀಟ್ ಹಾಸಿದೆ. ಆಗ ಹನ್ನೊಂದು ಸಾವಿರ ರೂಪಾಯಿ ಬಿತ್ತು. ಬಾರ್‌ಗೆ ವೆಲ್ಡಿಂಗ್ ಅಂಗಡಿಗೆ ಹೋಗಿ, ನೆಲದಿಂದ 42 ಇಂಚು ಎತ್ತರಕ್ಕೆ ಪೈಪಿನ ಸ್ಟ್ಯಾಂಡ್ ಮಾಡಿಸಿದೆ. ದೊಡ್ಡ ಜಂಪ್‌ಗೆ ಮಾತ್ರ ಒಂದು ಶಾಲೆಯ ಹಾಲ್‌ನಲ್ಲಿ ಮರದ ವೇದಿಕೆ ಕೇಳಿಕೊಂಡೆ.

ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೇ ಶುರು ಮಾಡು. ಪಾಯಿಂಟ್ ಶೂವಿನ ತುದಿ ಅಂದರೆ ಬಟ್ಟೆ, ಕಾಗದ, ಅಂಟು. ಬೆವರಿಗೆ ಮೆತ್ತಗಾಗಿಬಿಡುತ್ತದೆ. ಪ್ರತಿ ಸಲ ನೆರಳಿನಲ್ಲಿ ಗಾಳಿಗೆ ಒಣಗಿಸು.

ಲಿಯೊಟಾರ್ಡ್ ಬಗ್ಗೆ ನಿನ್ನ ಅಮ್ಮನ ಜೊತೆ ಜಗಳ ಮಾಡಬೇಡ. ನಮ್ಮಲ್ಲಿ ತಾಯಂದಿರು ಹೆದರುವುದಕ್ಕೆ ಕಾರಣ ಇದೆ, ವಿಡಿಯೊ ಎಲ್ಲಿಗೆ ಹೋಗುತ್ತದೋ ಯಾರು ನೋಡುತ್ತಾರೋ ಅಂತ. ಎರಡನೇ ಸಲ ನಾನು ಅಮ್ಮನ ಕೈಗೇ ಫೋನ್ ಕೊಟ್ಟೆ. ಬಾಗಿಲು ಹಾಕಿತ್ತು, ಒಳಗೆ ನಾವಿಬ್ಬರೇ. ಕಪ್ಪು ಲಿಯೊಟಾರ್ಡ್, ಟೈಟ್ಸ್, ಮೇಲೆ ತೆಳುವಾದ ಸಣ್ಣ ಲಂಗ. ಲಂಗಕ್ಕೆ ಒಪ್ಪಿಗೆ ಇದೆಯಾ ಅಂತ ಮೊದಲೇ ಮೇಲ್‌ನಲ್ಲಿ ಕೇಳಿದ್ದೆ. ವಿಡಿಯೊ ಕಳಿಸಿದ್ದು ಲಿಂಕ್ ಇದ್ದವರಿಗಷ್ಟೇ ಕಾಣುವ ಹಾಗೆ. ಮೂರು ಸಲ ಮಾಡಿದ ಮೇಲೆ ಅಮ್ಮನೇ "ಎಡಗಾಲು ಚಲೋ ಬರಲಿಲ್ಲ, ಇನ್ನೊಮ್ಮೆ ಮಾಡು" ಅಂದರು. ಅವತ್ತಿನಿಂದ ಅವರು ನನ್ನ ಕಡೆ.

ಹಿರಿಯರ ಮಾತಿಗೆ ವಚನ ತೋರಿಸಿ ಬಾಯಿ ಮುಚ್ಚಿಸಲು ಹೋಗಬೇಡ. ಕೀರ್ತನೆ 149 ಇದೆ, ಮಿರ್ಯಾಮಳ ದಮ್ಮಡಿ ಇದೆ, ಮಂಜೂಷದ ಮುಂದೆ ಕುಣಿದ ದಾವೀದನೂ ಇದ್ದಾನೆ. ಅವೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾನು ಪಾಸ್ಟರ್ ಅವರನ್ನು, ಅವರ ಮನೆಯವರನ್ನು ಅಭ್ಯಾಸ ನೋಡಲು ಕರೆದೆ. ಮುಕ್ಕಾಲು ಗಂಟೆ ಬರೀ ಪ್ಲಿಯೆ, ತಾಂಡ್ಯು ನೋಡಿದರು. ಚಹಾ ಕುಡಿಯುತ್ತಾ "ಇಷ್ಟು ಶಿಸ್ತು ಇರುತ್ತದೆ ಅಂತ ಗೊತ್ತಿರಲಿಲ್ಲ" ಅಂದರು. ಪತ್ರ ಮರುದಿನವೇ ಸಿಕ್ಕಿತು.

ಅಲ್ಲಿ ಹೋದ ಮೇಲೆ ಏನಿರುತ್ತದೆ ಅನ್ನೋದನ್ನೂ ತಿಳಿದುಕೋ. ನಮ್ಮ ತಂಡದಲ್ಲಿ ಬೆಳಿಗ್ಗೆ ವೇದಾಧ್ಯಯನ, ಪ್ರಾರ್ಥನೆ. ಆಮೇಲೆ ಒಂದೂವರೆ ಗಂಟೆ ಬ್ಯಾಲೆ ಕ್ಲಾಸ್, ಪಾಯಿಂಟ್, ಮಾಡರ್ನ್ ಡ್ಯಾನ್ಸ್. ಮಧ್ಯಾಹ್ನದಿಂದ ಸಂಜೆವರೆಗೆ ರಿಹರ್ಸಲ್. ಪ್ರಾರ್ಥನೆ ಮಾಡಿದ್ದೀಯ ಅಂತ ಕ್ಲಾಸಿನಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. ಮೊದಲ ವಾರವೇ ಟೀಚರ್ ನನ್ನ ಸೊಂಟದ ಎಲುಬಿಗೆ ಕೈ ಇಟ್ಟು, "ನೀನು ಕೂರುತ್ತಿದ್ದೀಯ, ಏಳು" ಅಂದರು. ಭರತನಾಟ್ಯದ ಅರಮಂಡಿ (ಅರ್ಧ ಕೂತ ಭಂಗಿ) ಕಲಿತ ದೇಹಕ್ಕೆ ಇದೇ ಕಷ್ಟ. ನಮಗೆ ಭೂಮಿ ಬೇಕು, ಬ್ಯಾಲೆಗೆ ಆಕಾಶ ಬೇಕು. ಆದರೆ ತಾಳದಲ್ಲಿ ನಿನ್ನನ್ನು ಯಾರೂ ಹಿಡಿಯಲಾರರು, ಅದನ್ನು ನೆನಪಿಡು.

ಪ್ರವಾಸ ಹೋದಾಗ ನಾವೇ ನೆಲದ ವಿನೈಲ್ ಸುರುಳಿ ಇಳಿಸಿ ಟೇಪ್ ಹಚ್ಚುತ್ತಿದ್ದೆವು. ಬಟ್ಟೆಗೆ ಇಸ್ತ್ರಿ ನಾವೇ. ಒಮ್ಮೆ ಒಂದು ಜೈಲಿನಲ್ಲಿ ಪ್ರದರ್ಶನ ಇತ್ತು. ಸಿಮೆಂಟ್ ನೆಲ, ಪಾಯಿಂಟ್ ಬಿಟ್ಟು ಮೆತ್ತನೆ ಶೂನಲ್ಲಿ ಮಾಡಿದೆವು. ಮುಗಿದ ಮೇಲೆ ಒಬ್ಬ ಅಜ್ಜಿಯಂಥ ಹೆಂಗಸು ನನ್ನ ಕೈ ಹಿಡಿದು ತನ್ನ ಮಗಳ ಹೆಸರು ಹೇಳಿ ಪ್ರಾರ್ಥಿಸು ಅಂದಳು. ನನಗೆ ಇಂಗ್ಲಿಷ್ ಬರಲಿಲ್ಲ ಆ ಹೊತ್ತಿಗೆ. ಕನ್ನಡದಲ್ಲೇ ಪ್ರಾರ್ಥಿಸಿದೆ. ಅವಳು ಕೊನೆವರೆಗೆ ಕೈ ಬಿಡಲಿಲ್ಲ.

ರೊಕ್ಕದ ಲೆಕ್ಕ ಮೊದಲೇ ಮಾಡು. ತರಬೇತಿ ಶುಲ್ಕ, ವಸತಿ, ವಿಮಾನ, ಶೂ, ಎಲ್ಲ ನಾನೇ ಹೊಂದಿಸಬೇಕಾಯಿತು. ವಿದ್ಯಾರ್ಥಿ ವೀಸಾಕ್ಕೆ ಅಲ್ಲಿಂದ ಐ-20 ಕಾಗದ (ಸಂಸ್ಥೆ ಕೊಡುವ ಪ್ರವೇಶದ ದಾಖಲೆ) ಬರಬೇಕು, ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿ) ಶುಲ್ಕ 350 ಡಾಲರ್. ಅವರು ಐ-20 ಕೊಡುವ ಅನುಮತಿ ಇರುವವರಾ ಅಂತ ಮೊದಲೇ ಕೇಳು. ವರ್ಷದ ತರಬೇತಿ ಕಷ್ಟ ಅನ್ನಿಸಿದರೆ, ಬೇಸಿಗೆ ಶಿಬಿರ ಇದೆಯಾ ಅಂತ ವಿಚಾರಿಸು. ಮೂರು ವರ್ಷ ಕಲಿತವಳಿಗೆ ಮೊದಲು ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನಾಟ್ಯ ಟೀಚರ್, ಕಲಬುರಗಿ

ಮಗು, ನೀನು ಭರತನಾಟ್ಯ ಬಿಟ್ಟೆಯಾ? ಬಿಡಬೇಡ ಅಂತ ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಭರತನಾಟ್ಯದ ದೊಡ್ಡ ಕಲಾವಿದೆ ರುಕ್ಮಿಣಿ ದೇವಿಯವರು ಮೊದಲು ಕಲಿಯಲು ಹೊರಟಿದ್ದು ಬ್ಯಾಲೆಯನ್ನೇ. ರಷ್ಯಾದ ಅನ್ನಾ ಪಾವ್ಲೊವಾ ಅವರ ನೃತ್ಯ ನೋಡಿ ಮನಸೋತು, ಅವರ ತಂಡದ ಕ್ಲಿಯೊ ನಾರ್ಡಿ ಹತ್ತಿರ ಪಾಠ ಹೇಳಿಸಿಕೊಂಡರು. ನಿಮ್ಮ ದೇಶದ ನೃತ್ಯದ ಕಡೆಗೂ ನೋಡಿ ಅಂದಿದ್ದು ಆ ಪಾವ್ಲೊವಾ ಅವರೇ. 1936ರಲ್ಲಿ ಅವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿತು. ಇನ್ನು ನಮ್ಮ ಮಂಗಳೂರು ಕಡೆಯ ಫ್ರಾನ್ಸಿಸ್ ಬಾರ್ಬೋಜಾ ಅವರು ಪಾದ್ರಿಯಾಗಿದ್ದಾಗಲೇ ಭರತನಾಟ್ಯ ಕಲಿತು, ಕ್ರೈಸ್ತ ಕಥೆಗಳಿಗಾಗಿ ಹೊಸ ಹಸ್ತಗಳನ್ನೇ (ಕೈಮುದ್ರೆಗಳನ್ನೇ) ಮಾಡಿದವರು. ನೀನು ಬ್ಯಾಲೆಗೆ ಹೋಗು, ಸಂತೋಷ. ಆದರೆ ನಿನ್ನ ಸಭೆಯ ಅಜ್ಜಿಯರಿಗೆ ಕಣ್ಣು, ಕೈಯ ಭಾಷೆ ಬೇಗ ತಿಳಿಯುತ್ತದೆ. ಈ ಸಲದ ಕ್ರಿಸ್ಮಸ್‌ಗೆ ಭರತನಾಟ್ಯದಲ್ಲಿ ಒಂದು ಮಾಡಿ ನೋಡು.

ಫಿಜಿಯೊ, ಶಹಾಬಾದ್

ಕಾಲು ನೋವಿನ ಬಗ್ಗೆ ಮಾತ್ರ ಹೇಳುತ್ತೇನೆ. ಎಲುಬಿನ ಉದ್ದಕ್ಕೂ ನೋವು ಹರಡಿದ್ದರೆ ವಿಶ್ರಾಂತಿ, ಮೀನಖಂಡಕ್ಕೆ ವ್ಯಾಯಾಮದಿಂದ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಚುಚ್ಚುವಂತೆ ನೋವಾದರೆ, ಎಲುಬಲ್ಲಿ ಸಣ್ಣ ಬಿರುಕು ಇರಬಹುದು. ಜಂಪ್ ಪೂರ್ತಿ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ. ಮೊದಮೊದಲು ಎಕ್ಸ್-ರೇಯಲ್ಲಿ ಅದು ಕಾಣದೇ ಇರಬಹುದು, ಹಾಗಂತ ಏನೂ ಇಲ್ಲ ಅಂದುಕೊಳ್ಳಬೇಡಿ.

ತೆಳ್ಳಗಾಗಬೇಕು ಅಂತ ಊಟ ಬಿಡಬೇಡಿ. ರೊಟ್ಟಿ, ಬೇಳೆ, ಮೊಸರು, ಮೊಟ್ಟೆ ಎಲ್ಲ ಬೇಕು. ಮೂರು ತಿಂಗಳು ಮುಟ್ಟು ನಿಂತರೆ ಅದು ಅಭ್ಯಾಸದ ದಣಿವು ಅಂತ ಬಿಡಬಾರದು. ಎಲುಬು ಬಡವಾಗುತ್ತಿರಬಹುದು ಅನ್ನೋ ಸೂಚನೆ ಅದು.

ಮಂಗಲಪೇಟೆ ಹುಡುಗಿ, ಬೀದರ್

ಅಣ್ಣ, ಒತ್ತಿ ನೋಡಿದೆ. ಉದ್ದಕ್ಕೂ ನೋವಿದೆ, ಒಂದೇ ಕಡೆ ಅಲ್ಲ. ಆದರೂ ಮೂರು ವಾರ ಜಂಪ್ ಬಿಟ್ಟೆ. ಟೀಚರ್, ಬಿಟ್ಟಿಲ್ಲ, ಆದರೆ ಸರಿಯಾಗಿ ಗೆಜ್ಜೆ ಕಟ್ಟಿ ಬಹಳ ದಿನ ಆಯಿತು. ಇವತ್ತು ಹೊರಗೆ ತೆಗೆದಿಟ್ಟೆ.

ಅಕ್ಕ, ನೀವು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ನಿಮ್ಮ ಅಮ್ಮ "ಎಡಗಾಲು ಚಲೋ ಬರಲಿಲ್ಲ" ಅಂದದ್ದನ್ನು ಎರಡು ಸಲ ಓದಿಸಿದರು. ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಆ ಬಟ್ಟೆ ಎಲ್ಲಿ ಸಿಗುತ್ತದೆ?" ಅಂತ ಕೇಳಿದರು.

ನಾಳೆ ಅಪ್ಪನ ಜೊತೆ ವೆಲ್ಡಿಂಗ್ ಅಂಗಡಿಗೆ ಹೋಗುತ್ತಿದ್ದೇನೆ. ಪೈಪ್ ಒಂದೂವರೆ ಇಂಚಿನದ್ದು ಹೇಳಲಾ, ಎರಡು ಇಂಚಿನದ್ದಾ?

ಯಾದಗಿರಿ ಅಕ್ಕ

ಒಂದೂವರೆ. ಕೈ ಸುಮ್ನೆ ಮೇಲಿಡಲು ಬರಬೇಕು, ಹಿಡಿದು ನೇತಾಡಲು ಅಲ್ಲ. ಕೆಳಗಿನ ಕಾಲು ಅಗಲ ಮಾಡಿಸು, ಇಲ್ಲದಿದ್ದರೆ ಸ್ಟ್ಯಾಂಡ್ ಅಲುಗಾಡುತ್ತದೆ. ತುದಿಗಳನ್ನು ಉಜ್ಜಿಸಿ ನುಣ್ಣಗೆ ಮಾಡಲು ಹೇಳು.